ಗೋಡೆಗೆ ತೂಗುಬಿಟ್ಟ ಕಾನೂನು

ನಮ್ಮ ಓಣಿಯಲ್ಲಿ ಡಾಕ್ಟರಿಲ್ಲ, ಮೆಡಿಕಲ್ ಇದೆ. ಜ್ವರ ಬಂದರೆ, ಕೂಸಿಗೆ ಭೇದಿ ಹತ್ತಿದರೆ, ಸೊಂಟ ಹಿಡಿದರೆ ನಾವು ಮೊದಲು ಹೋಗೋದು ಅಲ್ಲಿಗೇ. ಕೌಂಟರಿನ ಹಿಂದೆ ನಿಂತ ಹುಡುಗನಿಗೆ ‘ಡಾಕ್ಟರ್ ಸಾಬ್ರ’ ಅಂತೀವಿ. ಅವನು ಏನು ಓದಿದ್ದಾನೆ ಅಂತ ಕೇಳಿದವರಿಲ್ಲ. ಅವನು ಮಾತ್ರ ಎಪ್ಪತ್ತು ವರ್ಷದ ನಮ್ಮ ಆಯಿಗೆ ‘ಏ ಮುದುಕಿ, ಮುಂಜಾನಿ ಒಂದು, ಸಂಜಿಗೊಂದು, ತಗೋ ನಡಿ’ ಅಂತಾನೆ. ಆಯಿ ಸೆರಗು ಒಡ್ಡುತ್ತಾಳೆ. ಯಾವ ಗುಳಿಗಿ, ಯಾತಕ್ಕೆ, ಎಷ್ಟು ದಿನ ಅನ್ನೋ ಮಾತೇ ಅಲ್ಲಿ ಹುಟ್ಟೋದಿಲ್ಲ.

ನಾವು ಗುಂಡಗುರ್ತಿ, ಚಿತ್ತಾಪುರ, ಸೇಡಂ ಸೀಮೆಯ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ವಾಡಿಗೆ, ಶಹಾಬಾದಿಗೆ ಬಂದ ಮಂದಿ. ತೊಗರಿ ಹೊಲದ ಕೂಲಿ ಬಿಟ್ಟು ಪರಸಿ ಕಲ್ಲಿನ ಖಣಿಗೆ, ಸಿಮೆಂಟು ಚೀಲಕ್ಕೆ ಬೆನ್ನು ಕೊಟ್ಟವರು. ನಾವು ಕಡಿದ ಕಲ್ಲು ‘ಶಹಾಬಾದ್ ಕಲ್ಲು’ ಅಂತ ಹೆಸರು ಹೊತ್ತು ದೇಶದ ತುಂಬ ಉಳ್ಳವರ ಮನೆಯ ನೆಲವಾಯ್ತು. ವಾಡಿಯಲ್ಲಿ 1968ರಲ್ಲಿ ಶುರುವಾದ ಕಾರ್ಖಾನೆಯ ಸಿಮೆಂಟು ರೈಲು ಹತ್ತಿ ಊರೂರಿಗೆ ಹೋಯ್ತು. ಧೂಳು ಮಾತ್ರ ಇಲ್ಲೇ ಉಳಿದು ನಮ್ಮ ಎದೆಯೊಳಗೆ ಕೂತಿತು. ಸರ್ಕಾರಿ ದವಾಖಾನೆಗೆ ಹೋದರೆ ಪಾಳಿ ಹಚ್ಚಬೇಕು, ಒಂದು ದಿನದ ಕೂಲಿ ಬಿಡಬೇಕು. ಕೂಲಿ ಬಿಟ್ಟರೆ ಅವತ್ತಿನ ರೊಟ್ಟಿ ಇಲ್ಲ. ಆದ್ದರಿಂದ ನಮ್ಮ ರೋಗಕ್ಕೆಲ್ಲ ಮೆಡಿಕಲ್ಲೇ ದವಾಖಾನೆ.

ಮೈಕೈ ನೋವು ಅಂದರೆ ಅಲ್ಲಿ ಒಂದು ಪೊಟ್ಟಣ ಸಿಗುತ್ತದೆ. ಒಂದು ನೋವಿನ ಗುಳಿಗಿ, ಒಂದು ಹೊಟ್ಟೆ ಉರಿಯದ ಹಾಗೆ, ಇನ್ನೊಂದು ಸಣ್ಣ ಗುಳಿಗಿ. ಆ ಸಣ್ಣದು ಎಷ್ಟೋ ಸಲ ಸ್ಟೀರಾಯ್ಡ್ ಆಗಿರುತ್ತದೆ. ನುಂಗಿದ ಮರುದಿನ ಮುಂಜಾನೆ ಮೈ ಹಗುರ, ಮತ್ತೆ ಕಲ್ಲು ಎತ್ತಲು ರೆಡಿ. ಮೇಸ್ತ್ರಿಗೆ ಆಳು ಸಿಕ್ಕ, ಅಂಗಡಿಗೆ ವ್ಯಾಪಾರ ಆಯ್ತು. ಆದರೆ ನೋವಿನ ಗುಳಿಗಿ ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡಬಹುದು, ಹೊಟ್ಟೆಯೊಳಗೆ ಹುಣ್ಣಾಗಬಹುದು. ಸ್ಟೀರಾಯ್ಡ್ ಸಕ್ಕರೆ ಕಾಯಿಲೆ ಏರಿಸುತ್ತದೆ, ಎಲುಬು ಸವೆಸುತ್ತದೆ. ಎರಡೇ ದಿನದ ಆಂಟಿಬಯಾಟಿಕ್ ಕೊಂಡು ನಿಲ್ಲಿಸಿದರೆ ರೋಗದ ಹುಳ ಸಾಯದೆ ಮದ್ದಿಗೇ ಪಳಗುತ್ತದೆ. ಕೆಮ್ಮಿಗೆ ಬಾಟಲಿ ಮೇಲೆ ಬಾಟಲಿ ಕುಡಿದು ಆರು ತಿಂಗಳು ಕಳೆದವನ ಎದೆಯಲ್ಲಿ ಬೆಳೆಯುತ್ತಿದ್ದದ್ದು ಧೂಳಲ್ಲ, ಕ್ಷಯ ಅಂತ ಗೊತ್ತಾಗುವಷ್ಟರಲ್ಲಿ ಮನೆ ಮಂದಿಗೂ ಅದು ಹತ್ತಿರುತ್ತದೆ.

ಇದಕ್ಕೆಲ್ಲ ಕಾನೂನಿಲ್ಲವೇ? ಇದೆ. ಭಾಳ ಹಳೆಯ ಕಾನೂನು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ. ಲೈಸನ್ಸಿಲ್ಲದೆ ಔಷಧಿ ಮಾರೋ ಹಾಗಿಲ್ಲ. ಆ ಲೈಸನ್ಸನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಡಾಕ್ಟರ ಚೀಟಿ ಬೇಕಾದ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟನ ಕಣ್ಣೆದುರಿಗೇ ಕೊಡಬೇಕು. 2014ರ ಮಾರ್ಚಿನಿಂದ ‘ಎಚ್1’ ಅನ್ನೋ ಪಟ್ಟಿ ಜಾರಿಗೆ ಬಂತು. ಬಲವಾದ ಆಂಟಿಬಯಾಟಿಕ್, ಕ್ಷಯದ ಗುಳಿಗಿ ಅದರೊಳಗಿವೆ. ಅವನ್ನು ಯಾರಿಗೆ ಕೊಟ್ಟರು, ಯಾವ ಡಾಕ್ಟರು ಬರೆದರು, ಎಷ್ಟು ಕೊಟ್ಟರು ಅನ್ನೋದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2018ರಿಂದ ಕ್ಷಯದ ಮದ್ದು ಕೊಳ್ಳುವವರ ವಿವರವನ್ನು ಮೆಡಿಕಲ್‌ನವರೂ ಸರ್ಕಾರಕ್ಕೆ ತಿಳಿಸಬೇಕು. ಬಿಡಿ ಗುಳಿಗಿ ಮಾರಿದರೂ ಪೂರ್ತಿ ಪಟ್ಟಿಯ ಬೆಲೆಗೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ತಗೋಬಾರದು.

ಇಷ್ಟೆಲ್ಲ ಕಾನೂನು ನಮ್ಮ ಓಣಿಯ ಮೆಡಿಕಲ್‌ನಲ್ಲೂ ಇದೆ. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಇಂಗ್ಲಿಷಿನಲ್ಲಿ. ದೇವರ ಪಟದ ಪಕ್ಕದಲ್ಲೇ ತೂಗುತ್ತದೆ. ಎರಡಕ್ಕೂ ಅಗರಬತ್ತಿ ಹೊಗೆ ಸಿಗುತ್ತದೆ. ಅದರೊಳಗೆ ಹೆಸರಿರೋ ಫಾರ್ಮಸಿಸ್ಟನ ಮುಖ ನಾವು ಕಂಡಿಲ್ಲ. ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟು ಬೇರೆ ಊರಲ್ಲಿ ಬದುಕುವವರಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಿರುವ ಗುಟ್ಟು.

ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಪಡೆದವರು ನಾವು. ಸಂಜೆಯಾದರೆ ಓಣಿಯ ತಾಯಂದಿರು ಗುಳಿಗಿಪಟ್ಟಿ ಹಿಡಿದು ಬರುತ್ತಾರೆ. ‘ಯಪ್ಪಾ, ನೀ ಓದಿದಾಂವ, ಇದು ಯಾತರದು ಹೇಳು’ ಅಂತಾರೆ. ಅಕ್ಷರ ಕೂಡಿಸಿ ಹೆಸರು ಓದುತ್ತೇವೆ. ಆದರೆ ಕನ್ನಡ ಬಿ.ಎ.ಯಲ್ಲಿ ಗುಳಿಗಿಯ ಗುಣ ಯಾರೂ ಹೇಳಿಕೊಟ್ಟಿಲ್ಲ. ಆ ಕೆಲಸ ನಮ್ಮದಲ್ಲ, ಫಾರ್ಮಸಿಸ್ಟನದು. ಇದನ್ನು ನಾವಲ್ಲ, 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ. ಮದ್ದಿನ ಹೆಸರು, ಯಾತಕ್ಕೆ, ಎಷ್ಟು, ಯಾವಾಗ, ಅದರಿಂದ ಆಗಬಹುದಾದ ತೊಂದರೆ ಏನು ಅಂತ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟನ ಕರ್ತವ್ಯ. ಉಪಕಾರವಲ್ಲ.

ಗೆಳೆಯರೇ, ನಮ್ಮ ಮಾತಿನ ತಿರುಳು ಇಲ್ಲಿದೆ. ಮೆಡಿಕಲ್‌ನಲ್ಲಿ ಯಾರೂ ನಮ್ಮ ಜಾತಿ ಕೇಳೋದಿಲ್ಲ. ರೊಕ್ಕ ಕೊಟ್ಟರೆ ಗುಳಿಗಿ ಕೊಡುತ್ತಾರೆ. ಆದರೆ ಸ್ಕೂಟರಿನ ಮೇಲೆ ಬಂದ ಸಾಹುಕಾರರಿಗೆ ‘ಸರ್, ಉಂಡ ಮೇಲೆ ತಗೋರಿ’ ಅಂತ ಬಹುವಚನದಲ್ಲಿ ಬಿಡಿಸಿ ಹೇಳುವ ಬಾಯಿ, ನಮಗೆ ಪೊಟ್ಟಣ ಎಸೆದು ಮುಚ್ಚಿಕೊಳ್ಳುತ್ತದೆ. ವಸ್ತು ಕೊಡುವುದು, ವಿದ್ಯೆ ಕೊಡದಿರುವುದು ಈ ದೇಶದ ಹಳೆಯ ಚಾಳಿ. ಮೈಯೊಳಗೆ ಹೋಗುವ ವಸ್ತು ಯಾವುದು ಅಂತ ತಿಳಿಯುವ ಹಕ್ಕೂ ಇಲ್ಲದವನಿಗೆ ತನ್ನ ಮೈಯೇ ತನ್ನದಲ್ಲ.

ಹಾಗಾದರೆ ದಾಳಿ ಮಾಡಿಸಿ ಅಂಗಡಿಗೆ ಬೀಗ ಹಾಕಿಸೋಣವೇ? ನಮ್ಮಲ್ಲಿ ಕೆಲವು ಗೆಳೆಯರು ಹಾಗಂತಾರೆ. ಆದರೆ ರಾತ್ರಿ ಹತ್ತು ಗಂಟೆಗೆ ಕೂಸಿನ ಮೈ ಸುಟ್ಟಾಗ ಬಾಗಿಲು ತೆರೆಯೋದು ಅದೇ ಅಂಗಡಿ. ಕೂಲಿ ಬಾರದ ವಾರ ಉದ್ರಿ ಬರೆದುಕೊಳ್ಳುವುದೂ ಅದೇ. ಬೀಗ ಬಿದ್ದರೆ ಸಾಹುಕಾರರು ಗಾಡಿ ಹತ್ತಿ ಕಲಬುರಗಿಗೆ ಹೋದಾರು, ನಾವು ಎಲ್ಲಿಗೆ ಹೋಗೋಣ? ಅಂಗಡಿ ಮುಚ್ಚುವ ಕಾನೂನಷ್ಟೇ ನಮಗೆ ಸಾಲದು. ಅದರೊಳಗೆ ಓದಿದ ಮನುಷ್ಯನನ್ನು ತಂದು ನಿಲ್ಲಿಸುವ, ‘ಈ ಕೆಮ್ಮಿಗೆ ಬಾಟಲಿ ಬೇಡ, ಮೊದಲು ಕಫ ತೋರಿಸಿಕೊಂಡು ಬಾರವ್ವ, ಕ್ಷಯದ ಮದ್ದು ಸರ್ಕಾರ ಪುಗಸಟ್ಟೆ ಕೊಡುತ್ತದೆ’ ಅಂತ ಹೇಳಿಸುವ ಕಾನೂನು ಬೇಕು.

ಸರ್ಕಾರದ ಹೊಣೆಯನ್ನೂ ಕೇಳಬೇಕು. ಜನರ ಆರೋಗ್ಯ ಸುಧಾರಿಸುವುದು ಪ್ರಭುತ್ವದ ಮೊದಲ ಕರ್ತವ್ಯಗಳಲ್ಲಿ ಒಂದು ಅಂತ ಸಂವಿಧಾನದ 47ನೇ ವಿಧಿ ಹೇಳುತ್ತದೆ. ಕಡಿಮೆ ಬೆಲೆಯ ಜನೌಷಧಿ ಅಂಗಡಿಗಳು 2008ರಲ್ಲಿ ಶುರುವಾದವು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿ ಅವು ಬೇಡ, ಮದ್ದು ಪುಗಸಟ್ಟೆಯೇ ಸಿಗಬೇಕು ಅಂತ 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತೀರ್ಮಾನಿಸಿತು. ವ್ಯಾಜ್ಯ ಹೈಕೋರ್ಟಿಗೆ ಹೋಯ್ತು. ಆ ಜಗಳ ಅವರದು. ನಮ್ಮ ಪ್ರಶ್ನೆ ಸಣ್ಣದು. ದವಾಖಾನೆಯ ಕಿಟಕಿಯಲ್ಲಿ ‘ಸ್ಟಾಕಿಲ್ಲ, ಹೊರಗ ತಗೋರಿ’ ಅನ್ನುವ ಮಾತು ಯಾವತ್ತು ನಿಲ್ಲುತ್ತದೆ?

ಅದು ನಿಲ್ಲುವ ತನಕ ನಾವು ಸುಮ್ಮನೆ ಕೂಡುವ ಹಾಗಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮ ತಂಗಿಯರೇ, ಅ ಆ ಇ ಈ ಜೊತೆಗೆ ಗುಳಿಗಿಪಟ್ಟಿ ಓದುವುದನ್ನೂ ಕಲಿಸೋಣ. ಮದ್ದಿನ ಅವಧಿ ಮುಗಿಯುವ ತಾರೀಖು ಎಲ್ಲಿದೆ, ಬೆಲೆ ಎಲ್ಲಿದೆ, ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ನುಂಗಬಾರದು ಅಂತ. ಮೆಡಿಕಲ್‌ಗೆ ಒಬ್ಬೊಬ್ಬರೇ ಹೋಗುವುದು ಬೇಡ, ಓದಿದವರೊಬ್ಬರು ಜೊತೆಗೆ ಹೋಗಲಿ. ನಾಲ್ಕೇ ಮಾತು ಕೇಳಲಿ: ಫಾರ್ಮಸಿಸ್ಟರು ಯಾರು? ಇದು ಯಾತರ ಗುಳಿಗಿ? ಎಷ್ಟು ದಿನ? ಬಿಲ್ಲು ಎಲ್ಲಿ?

ಮೊದಲ ದಿನ ನಕ್ಕಾರು. ಎರಡನೆಯ ದಿನ ಬೈದಾರು. ಇಡೀ ಓಣಿ ಕೇಳತೊಡಗಿದ ದಿನ ಆ ಗೋಡೆಯ ಮೇಲಿನ ಕಾನೂನು ಕೆಳಗಿಳಿದು ಕೌಂಟರಿಗೆ ಬಂದೇ ಬರುತ್ತದೆ.