ಹೊಸ್ತಿಲಲ್ಲಿ ಮಲಗಿದ ನಾಯಿ

ನಮ್ಮಲ್ಲಿ ಅನೇಕರು ಪ್ರತಿ ಶುಕ್ರವಾರ ಅಲ್‌ಕಹ್ಫ್ ಅಧ್ಯಾಯವನ್ನು ಓದುತ್ತೇವೆ. ವಿಶ್ವಾಸ ಉಳಿಸಿಕೊಳ್ಳಲು ಊರು ತೊರೆದ ತರುಣರು ಗುಹೆಯಲ್ಲಿ ಆಶ್ರಯ ಪಡೆದ ವೃತ್ತಾಂತ ಅದರಲ್ಲಿದೆ. ಅವರ ಜೊತೆಗಿದ್ದ ನಾಯಿ ಮುಂಗಾಲು ಚಾಚಿ ಹೊಸ್ತಿಲಲ್ಲಿ ಮಲಗಿತ್ತು ಎಂಬುದನ್ನೂ ಕುರ್‌ಆನ್ ಹೇಳದೆ ಬಿಟ್ಟಿಲ್ಲ. ಅವರು ಎಷ್ಟು ಮಂದಿ ಎಂದು ಜನ ವಾದಿಸಿದಾಗ, ಪ್ರತಿಯೊಂದು ಲೆಕ್ಕದಲ್ಲೂ ನಾಯಿ ಸೇರಿತ್ತು.

ನಮ್ಮ ಕಾಲದ ಲೆಕ್ಕ ಬೇರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಹೆಚ್ಚು. ನಗರಗಳಲ್ಲಿ ಲಕ್ಷ ಜನರಿಗೊಂದು ಆಶ್ರಯತಾಣ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಆದೇಶಿಸಿತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವೆಂದು 2013ರ ಕೇಂದ್ರದ ಯೋಜನೆ ಗೊತ್ತುಪಡಿಸಿತು. ಒಳ್ಳೆಯದೇ. ಆದರೆ ಜೊತೆಗೊಂದು ಜೀವ ಕಟ್ಟಿಕೊಂಡು ಬಂದವರು ಎಲ್ಲಿಗೆ ಹೋಗಬೇಕು?

ಒಂದು ಚಳಿಗಾಲದಲ್ಲಿ ಬಸ್ ನಿಲ್ದಾಣದ ಬಳಿ ಮಲಗುತ್ತಿದ್ದ, ಚಿಂದಿ ಆಯುವ ಮುದುಕರೊಬ್ಬರನ್ನು ನಾವು ಆಶ್ರಯತಾಣಕ್ಕೆ ಕರೆದೊಯ್ದಿದ್ದೆವು. "ತಾತಾ, ನೀನು ಬಾ. ನಾಯಿ ಬೇಡ" ಎಂದ ಕಾವಲುಗಾರ.

"ಹಂಗಾದ್ರೆ ನಂಗೂ ಬ್ಯಾಡ ಸಾಬ್ರೇ. ರಾತ್ರಿ ನನ್ನ ಗಂಟು ಕಾಯೋದು ಇದೇ. ಹೆಂಡ್ತಿ ಹೋದ ಮೇಲೆ ನಂಗೆ ಅಂತ ಇರೋದೂ ಇದೇ" ಎಂದು ಅವರು ಹಿಂತಿರುಗಿದರು. ಒಳಗೆ ಚಾಪೆಗಳು ಖಾಲಿ ಬಿದ್ದಿದ್ದವು.

ಕಾವಲುಗಾರನ ಭಯವೂ ಸುಳ್ಳಲ್ಲ. ನಾಯಿ ಕಚ್ಚಬಹುದು, ಹುಚ್ಚುನಾಯಿ ರೋಗ ತರಬಹುದು. ನಮ್ಮವರಿಗೆ ಇನ್ನೊಂದು ಅಳುಕು, ನಜೀಸ್‌ನದು. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ನಿಜ. ಆದರೆ ಬಾಯಾರಿದ ನಾಯಿಗೆ ನೀರುಣಿಸಿದವನ ಪಾಪವನ್ನು ಅಲ್ಲಾಹನು ಕ್ಷಮಿಸಿದನೆಂದು ತಿಳಿಸಿದವರೂ ಅವರೇ. ಪಾತ್ರೆ ತೊಳೆಯುವುದು ಬೇರೆ, ಪ್ರಾಣಿಯನ್ನು ಅಟ್ಟುವುದು ಬೇರೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆನೆಂದ ಧರ್ಮರಾಯನ ಕಥೆ ಕೇಳಿ ಬೆಳೆದ ನಾಡು ನಮ್ಮದು; ಇದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ದಾರಿಗಳೂ ಇವೆ. ಬೀದಿಯಲ್ಲಿ ಬದುಕುವವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ನೀಡಲು ಲಂಡನ್ನಿನಲ್ಲಿ 2016ರಲ್ಲಿ ಪಶುವೈದ್ಯರು 'ಸ್ಟ್ರೀಟ್‌ವೆಟ್' ಆರಂಭಿಸಿದರು. ಆಶ್ರಯತಾಣಗಳಲ್ಲಿ ಸಾಕುಪ್ರಾಣಿಗಳ ವಸತಿ, ಆಹಾರ, ಔಷಧಕ್ಕೆಂದು ಕ್ಯಾಲಿಫೋರ್ನಿಯಾ ಸರಕಾರ 2019ರಲ್ಲಿ 50 ಲಕ್ಷ ಡಾಲರ್ ತೆಗೆದಿಟ್ಟಿತು. ನಾವು ಅಷ್ಟು ದೊಡ್ಡ ಮೊತ್ತ ಕೇಳುತ್ತಿಲ್ಲ. ಬಾಗಿಲ ಪಕ್ಕ ತಗಡಿನ ಒಂದು ಮಾಡು, ಕಟ್ಟಲು ಗೂಟ, ನೀರಿನ ಬೋಗುಣಿ, ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು. ಪ್ರಾಣಿಗೆ ಹೆದರುವವರು ಒಳಗೆ ನೆಮ್ಮದಿಯಾಗಿರಲಿ. ನಾಯಿಗೆ ಹೊಸ್ತಿಲು ಸಾಕು. ಅಷ್ಟಾದರೆ ಒಬ್ಬ ಮುದುಕ ಚಳಿಗೆ ಹೆದರದೆ ಮಲಗಬಲ್ಲ.