ಬಿಳಿಯೂ ಅಲ್ಲ, ಕೆಂಪೂ ಅಲ್ಲ... ಇದು ಗಡಿಸೀಮೆಯ ರುಚಿ!

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು 'ಆರೆಂಜ್ ವೈನ್ ಸಿಗುತ್ತಾ?' ಅಂತ ಕೇಳಿ ನೋಡಿ. ಕಿತ್ತಳೆ ಜ್ಯೂಸು ಕೊಟ್ಟು ಕಾಸು ಎಣಿಸಿಕೊಂಡಾರು! ಅವರ ತಪ್ಪಲ್ಲ ಬಿಡಿ, ಹೆಸರೇ ಹಾಗಿದೆ. ಆದರೆ ಇದರಲ್ಲಿ ಕಿತ್ತಳೆಯ ಒಂದು ತೊಳೆಯೂ ಇಲ್ಲ. ಬಿಳಿ ದ್ರಾಕ್ಷಿಯ ರಸವನ್ನಷ್ಟೇ ಹಿಂಡಿ ಹುಳಿಯಿಸಿದರೆ ಬಿಳಿ ವೈನು. ಅದೇ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುಳಿಯಲು ಬಿಟ್ಟರೆ ಸಿಪ್ಪೆಯ ಬಣ್ಣವೂ ಒಗರೂ ರಸಕ್ಕೆ ಇಳಿದು ಜೇನಿನ ಬಣ್ಣ ಬರುತ್ತದೆ. ಬಿಳಿ ವೈನಿನ ಹುಳಿಯೂ ಉಂಟು, ಕೆಂಪು ವೈನಿನ ಒಗರೂ ಉಂಟು. ಖಳನೂ ಹೌದು, ಹಾಸ್ಯಗಾರನೂ ಹೌದು, ನಮ್ಮ ಬಾಲಣ್ಣನ ಹಾಗೆ!

ಈ ಹೆಸರು ಇಟ್ಟವರು ಡೇವಿಡ್ ಹಾರ್ವೆ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ, 2004ರಲ್ಲಿ. ವಿದ್ಯೆ ಮಾತ್ರ ಬಹಳ ಹಳೆಯದು. ಜಾರ್ಜಿಯಾ ದೇಶದವರು ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹರವಿಗಳಲ್ಲಿ ಸಾವಿರಾರು ವರ್ಷಗಳಿಂದ ಹೀಗೇ ಮಾಡುತ್ತ ಬಂದಿದ್ದಾರೆ. ಇಟಲಿಯಲ್ಲಿ ಇದಕ್ಕೆ ಮತ್ತೆ ಜೀವ ಬಂದದ್ದು ಓಸ್ಲಾವಿಯಾ ಎಂಬ ಪುಟ್ಟ ಊರಲ್ಲಿ. ಅಲ್ಲಿ ಸ್ಟಾಂಕೊ ರಾಡಿಕನ್ 1995ರಲ್ಲಿ ಶುರು ಮಾಡಿದರು; ಯೋಸ್ಕೊ ಗ್ರಾವ್ನರ್ 2001ರಿಂದ ಜಾರ್ಜಿಯಾದ ಹರವಿಗಳನ್ನೇ ತರಿಸಿ ಹೂತರು. ಈ ಓಸ್ಲಾವಿಯಾ ಇರುವುದು ಸ್ಲೊವೇನಿಯಾ ಗಡಿಗೆ ಅಂಟಿಕೊಂಡು. ಮೊದಲ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರಿಯಾದ ಚಕ್ರವರ್ತಿಯ ಕೈಯಲ್ಲಿತ್ತು, ಆಮೇಲೆ ಇಟಲಿಗೆ ಸೇರಿತು. ಊರು ಇದ್ದಲ್ಲೇ ಇತ್ತು, ಗಡಿ ಮಾತ್ರ ಓಡಾಡಿತು!

ಈ ಕತೆ ಎಲ್ಲೋ ಕೇಳಿದ ಹಾಗಿದೆ ಅಂತೀರಾ? ಕೊಳ್ಳೇಗಾಲದ್ದೂ ಇದೇ ಕತೆ ಕಣ್ರೀ. 1956ರ ನವೆಂಬರ್ 1ರವರೆಗೆ ಇದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. 1948ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯವಿಡೀ ಪಾನನಿಷೇಧ ಬಂದಾಗ ಕನ್ನಡ ಮಾತಾಡುವ ಈ ಊರೂ ಮದ್ರಾಸಿನ ಕಾನೂನಿಗೇ ತಲೆಬಾಗಬೇಕಾಯಿತು. ನಮ್ಮ ಅಣ್ಣಾವ್ರ ಪೂರ್ತಿ ಹೆಸರು ನೆನಪಿದೆ ತಾನೆ? ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಆ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆ ಉಳಿದು ಕರ್ನಾಟಕಕ್ಕೆ ಬಂತು. ಅವರ ಗಾಜನೂರು ತಮಿಳುನಾಡಿನಲ್ಲೇ ಉಳಿಯಿತು. ಕನ್ನಡದ ಕಣ್ಮಣಿಯೇ ಗಡಿಸೀಮೆಯ ಮಗ!

ಅದಕ್ಕೇ ಗಡಿಯ ಈ ವೈನಿಗೆ ಗಡಿಯ ಊಟವನ್ನೇ ಜೋಡಿ ಮಾಡೋಣ. ಮೊದಲು ಭರಚುಕ್ಕಿ ನೋಡಿ, ಕಣ್ತುಂಬ ನೀರು ನೋಡಿ. ಆಮೇಲೆ ಹುರಿದ ಕಾವೇರಿ ಮೀನು. ಎಣ್ಣೆಯ ಜಿಡ್ಡನ್ನು ಇದರ ಒಗರು ತೊಳೆದುಬಿಡುತ್ತದೆ.

ಹನೂರಿನ ಕಡೆ ಹೊರಟರೆ ಮಾತೇ ಬೇರೆ. ಕೊಳ್ಳೇಗಾಲ-ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ ಪ್ರತಿವರ್ಷ ಸಿದ್ದಪ್ಪಾಜಿಯ ಜಾತ್ರೆ. ಪಂಕ್ತಿಸೇವೆಯ ದಿನ ಭಕ್ತರು ಬಿಡಾರ ಹೂಡಿ, ಬಾಡು ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ನೀಲಗಾರರು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವುದೇ ಹೆಂಡದ ಗಡಿಗೆ ಹೊತ್ತು! ಈಚಿನ ವರ್ಷಗಳಲ್ಲಿ ಪ್ರಾಣಿಬಲಿ ತಡೆ ಕಾನೂನು ಮುಂದಿಟ್ಟು ಅಧಿಕಾರಿಗಳು ಅಡ್ಡ ಬಂದಾಗ ಭಕ್ತರ ವಾದ ಒಂದೇ: ಇದು ಬಲಿಯಲ್ಲ ಸ್ವಾಮಿ, ಊಟ. ಉಣ್ಣುವುದರ ಹಿಂದೆ ಎಷ್ಟು ದೊಡ್ಡ ಮಾತಿದೆ ನೋಡಿ. ಜಾತ್ರೆಗೆ ಬಾಟಲಿ ಒಯ್ಯಬೇಡಿ, ಆ ರುಚಿ ಮನೆಗೆ ತನ್ನಿ. ಮಟನ್ ಸಾರು, ಕೈಮಾ ಉಂಡೆ, ನಾಟಿ ಕೋಳಿ ಇವೆಲ್ಲಕ್ಕೂ ಈ ವೈನು ಒಪ್ಪುತ್ತದೆ. ಖಾರ ಮಾತ್ರ ಒಂದು ಹಿಡಿ ಕಮ್ಮಿ ಮಾಡಿ. ಮೆಣಸಿನಕಾಯಿಗೂ ಒಗರಿಗೂ ಜಗಳ ಹತ್ತಿದರೆ ಉರಿಯುವುದು ನಿಮ್ಮ ನಾಲಗೆ.

ಯಳಂದೂರು ಮೊದಲಿನಿಂದಲೂ ಮೈಸೂರು ಕಡೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಬಳೆಮಂಟಪದ ಕಲ್ಲಿನ ಬಳೆಗಳನ್ನು ನೋಡಿ ಬನ್ನಿ. ಸಸ್ಯಾಹಾರಿಗಳು ಇಲ್ಲಿ ಸೋಲಬೇಕಿಲ್ಲ. ಮುದ್ದೆ, ಅವರೆಕಾಳಿನ ಉಪ್ಪೆಸರಿನ ಜೊತೆಗೂ ವೈನು ಚೆನ್ನಾಗಿ ಹೊಂದುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರುವ ಜೇನಿದೆಯಲ್ಲ, ಅದನ್ನು ಬೇರೆಯಾಗಿ ನೆಕ್ಕಿ. ಸಿಹಿಯ ಮೇಲೆ ಈ ವೈನು ಕಹಿಯಾಗುತ್ತದೆ.

ಹೊಸಬರು ತಿಂಗಳುಗಟ್ಟಲೆ ಸಿಪ್ಪೆಯಲ್ಲಿ ನೆನೆದ ಗಡುಸು ಸೀಸೆಗೆ ಕೈ ಹಾಕಬೇಡಿ. ಕೆಲವೇ ದಿನ ನೆನೆಸಿದ್ದನ್ನು ಕೇಳಿ. ಅದೇ ಸೀಮೆಯ 'ರಮಾತೊ', ಅಂದರೆ ತಾಮ್ರದ ಬಣ್ಣದ್ದು, ಮೃದು. ಕೊಳ್ಳೇಗಾಲದಲ್ಲಿ ಹುಡುಕಿ ಸುಸ್ತಾಗುವ ಬದಲು ಬೆಂಗಳೂರಿನ ದೊಡ್ಡ ವೈನ್ ಅಂಗಡಿಯಲ್ಲಿ ವಿಚಾರಿಸಿ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಐಸಿನಂತೆ ತಣ್ಣಗಿದ್ದರೆ ಬರೀ ಒಗರೇ ಸಿಗುತ್ತದೆ.

ಒಂದೇ ಗ್ಲಾಸು, ಅದೂ ಊಟದ ಜೊತೆ. ಕುಡಿತ ಊರನ್ನು ಏನು ಮಾಡುತ್ತದೆ ಅಂತ ಅಣ್ಣಾವ್ರು 1992ರಲ್ಲೇ 'ಜೀವನ ಚೈತ್ರ'ದಲ್ಲಿ ತೋರಿಸಿದ್ದಾರೆ. 2007ರ ಜುಲೈ 1ರಂದು ಸಾರಾಯಿ ರಾಜ್ಯದಿಂದಲೇ ತೊಲಗಿತು. 21 ತುಂಬದ ತಮ್ಮಂದಿರು ಮುದ್ದೆ, ಮೀನು ಮುಗಿಸಿ ಫಸ್ಟ್ ಶೋಗೆ ಹೊರಡಿ. ಮಾದಪ್ಪನ ಬೆಟ್ಟಕ್ಕೆ, ಹುಲಿ ಕಾಡಿಗೆ ಸೀಸೆ ಹಿಡಿದು ಹೋಗುವವರಿದ್ದರೆ, ದಯವಿಟ್ಟು ನಮ್ಮ ಪತ್ರಿಕೆ ಓದುತ್ತೇವೆ ಅಂತ ಮಾತ್ರ ಹೇಳಬೇಡಿ!