ಹಲ್ಲಿನ ಬೀಗದಕೈ ಯಾರ ಹತ್ತಿರ?

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದ ಕಾಲದವನು ನಾನು. ಹಾಗೆ 20 ಹಲ್ಲು ಹೆಂಚೇರಿದವು, 32 ಹೊಸವು ಬಂದವು. ಎರಡನೆಯ ಸಲ ಬಿದ್ದಾಗ ಎಸೆಯಲು ಹೆಂಚಿನ ಮನೆಯೂ ಉಳಿದಿರಲಿಲ್ಲ, ಎಸೆದಿದ್ದರೂ ಹೊಸವು ಬರುವಂತಿರಲಿಲ್ಲ. ಮಕ್ಕಳೇ, ಮೊದಲ ಎರಡು ಸೆಟ್ ದೇವರು ಪುಕ್ಕಟೆ ಕೊಡುತ್ತಾನೆ. ಮೂರನೆಯದನ್ನು ನಾವೇ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಬೇಕು.

ನಾನು ಕಟ್ಟಿಸಿಕೊಂಡದ್ದು 66ನೇ ವಯಸ್ಸಿನಲ್ಲಿ. ಮೇಲಿನ ಸೆಟ್ಟಿನದು ಒಂದು ದಿನವೂ ತಕರಾರಿಲ್ಲ. ಅದು ಬಾಯಿಯ ಅಂಗಳದ ತುಂಬ ಹರಡಿಕೊಂಡಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಎಂಜಲಿನ ತೆಳು ಪದರವೇ ಅದನ್ನು ಹಿಡಿದಿಡುತ್ತದೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ಅದು ಕುದುರೆಯ ಲಾಳದ ಆಕಾರದ್ದು. ನಡುವೆ ಸುಮ್ಮನಿರಲು ಬಾರದ ನಾಲಿಗೆ ಬೇರೆ. ಸಾಲದ್ದಕ್ಕೆ, ಹಲ್ಲಿನ ಬೇರು ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಕರಗುತ್ತಾ ಹೋಗುತ್ತದೆ. ಕಟ್ಟೆಯೇ ಸವೆದರೆ ಅದರ ಮೇಲೆ ಕೂತವನು ಜಾರದೆ ಇರುತ್ತಾನೆಯೇ?

ನಮ್ಮದು ದಾವಣಗೆರೆ. ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಇರಲೇಬೇಕಾದ ಊರು. ಒಂದು ಮಂಡಕ್ಕಿ ಕಾಳು ಸಡಿಲವಾದ ಸೆಟ್ಟಿನ ಅಡಿಗೆ ಹೋದರೆ ಚಪ್ಪಲಿಯೊಳಗೆ ಕಲ್ಲು ಸಿಕ್ಕ ಹಾಗೆ. ಅದನ್ನು ಹೇಗೋ ಬಿಟ್ಟೆ. ಬಿಡಲಾಗದ್ದು ಬೇರೆಯೇ ಇತ್ತು. ಮೂರನೇ ತರಗತಿಯ ಮೊಮ್ಮಗಳಿಗೆ ರಾತ್ರಿ ಕಥೆ ಓದುತ್ತಿದ್ದೆ. "ಅಜ್ಜಾ, ನಿನ್ನ ಸಿಂಹ ಯಾಕೆ ಶಿಂಹ ಆಗಿದೆ?" ಎಂದು ನಕ್ಕಳು. ತ, ಥ, ದ, ಧ, ನ ಎಂಬಿವು ದಂತ್ಯಾಕ್ಷರಗಳು, ನಾಲಿಗೆಗೆ ಹಲ್ಲು ತಾಗಿದರೇ ಹುಟ್ಟುವಂಥವು ಎಂದು ನಿಮಗೆ ವ್ಯಾಕರಣದಲ್ಲಿ ಹೇಳಿಕೊಟ್ಟಿರುತ್ತಾರೆ. ಸಕಾರವೂ ಅದೇ ಕುಲ. ಹಲ್ಲೇ ತೇಲಾಡುತ್ತಿದ್ದರೆ ಅಕ್ಷರ ಎಲ್ಲಿ ನಿಲ್ಲಬೇಕು? ಕ್ರಮೇಣ ಅವಳೇ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಚೆನ್ನಾಗಿಯೇ ಓದುತ್ತಾಳೆ. ಆದರೂ ನನಗೆ ಅದು ಸೇರಲಿಲ್ಲ.

ಇಂಪ್ಲಾಂಟ್ ಎಂಬ ಮಾತು ಬಂದದ್ದು ಆಗ. ದವಡೆಯ ಮೂಳೆಗೆ ಟೈಟಾನಿಯಂ ಲೋಹದ ಸಣ್ಣ ಸ್ಕ್ರೂ ಕೂರಿಸಿ, ಅದರ ಆಧಾರದ ಮೇಲೆ ಸೆಟ್ಟನ್ನು ನಿಲ್ಲಿಸುವ ವಿಧಾನವಿದು. "ಮೂಳೆಗೆ ಸ್ಕ್ರೂ ಹಾಕಿದರೆ ತುಕ್ಕು ಹಿಡಿಯಲ್ವಾ?" ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಮೂಳೆಯೇ ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಇದು ಗೊತ್ತಾದದ್ದು ಮೊಲಗಳಿಂದ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ 1952ರಲ್ಲಿ ಮೊಲದ ಕಾಲಿನ ಮೂಳೆ ಹೇಗೆ ಗುಣವಾಗುತ್ತದೆಂದು ನೋಡಲು ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಅದರೊಳಗೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. 1965ರಲ್ಲಿ ಮೊದಲ ಬಾರಿ ಒಬ್ಬ ಮನುಷ್ಯನ ದವಡೆಗೆ ಹಾಕಿದರು. ಆ ಸ್ಕ್ರೂಗಳು ಆತ ಬದುಕಿರುವ ತನಕ, 40 ವರ್ಷ, ಕೆಲಸ ಮಾಡಿದವು.

ನಮ್ಮ ಹಲ್ಲಿನ ಡಾಕ್ಟರಮ್ಮ ಮೇಜಿನ ಮೇಲೆ ಮೂರು ಮಾದರಿ ಇಟ್ಟರು. ಮೊದಲನೆಯದರಲ್ಲಿ ಕೆಳದವಡೆಯ ಮುಂಭಾಗದಲ್ಲಿ ಎರಡೇ ಸ್ಕ್ರೂ, ಅವುಗಳ ತಲೆಯ ಮೇಲೆ ಗುಬ್ಬಿ. ಸೆಟ್ಟಿನ ಅಡಿಯಲ್ಲಿ ಅದಕ್ಕೆ ಹೊಂದುವ ಗುಳಿ. ರವಿಕೆಯ ಪ್ರೆಸ್ ಬಟನ್ ಇದ್ದ ಹಾಗೆ. ಒತ್ತಿದರೆ ಟಿಕ್ ಎಂದು ಕೂರುತ್ತದೆ, ಎಳೆದರೆ ಬರುತ್ತದೆ. ಎರಡನೆಯದರಲ್ಲಿ ಸ್ಕ್ರೂಗಳನ್ನು ಒಂದು ಲೋಹದ ಸರಳು ಜೋಡಿಸುತ್ತದೆ. ಸೆಟ್ಟಿನೊಳಗಿನ ಕ್ಲಿಪ್ಪುಗಳು ಆ ಸರಳನ್ನು ಕಚ್ಚಿ ಹಿಡಿಯುತ್ತವೆ. ಹಿಡಿತ ಹೆಚ್ಚು, ಭಾರವೂ ಸ್ಕ್ರೂಗಳ ನಡುವೆ ಹಂಚಿಹೋಗುತ್ತದೆ. ಆದರೆ ಬಾಯಿಯಲ್ಲಿ ಅದಕ್ಕೆ ಎತ್ತರದ ಜಾಗ ಬೇಕು, ಸರಳಿನ ಅಡಿ ಪ್ರತಿದಿನ ಸ್ವಚ್ಛ ಮಾಡಬೇಕು. ಮೂರನೆಯದು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸ್ಕ್ರೂಗಳ ಮೇಲೆ ಬಿಗಿದೇ ಬಿಡುವ ಸೆಟ್. ನಾವು ತೆಗೆಯುವಂತಿಲ್ಲ, ಡಾಕ್ಟರೇ ಬಿಚ್ಚಬೇಕು. ಸ್ವಂತ ಹಲ್ಲಿಗೆ ಅತ್ಯಂತ ಹತ್ತಿರವಾದದ್ದು ಅದೇ. ಕಡಕ್ ರೊಟ್ಟಿಯನ್ನೂ ಧೈರ್ಯವಾಗಿ ಅಗಿಯಬಹುದಂತೆ. ನನಗೆ ಕೊಟ್ಟ ಲೆಕ್ಕದಲ್ಲಿ ಅದರ ಖರ್ಚು ಮೊದಲನೆಯದರ ಎರಡು ಪಟ್ಟಿಗೂ ಜಾಸ್ತಿಯಿತ್ತು.

ಬೆಂಗಳೂರಿನಿಂದ ಮಗ ಫೋನು ಮಾಡಿ, "ಅಪ್ಪಾ, ದುಡ್ಡಿನ ಯೋಚನೆ ಬಿಡಿ, ಬಿಗಿಯೋದನ್ನೇ ಹಾಕಿಸಿಕೊಳ್ಳಿ" ಎಂದ. ದುಡ್ಡಿನ ಯೋಚನೆ ಬಿಡುವುದು ಬ್ಯಾಂಕಿನಲ್ಲಿದ್ದವನಿಗೆ ಸುಲಭವಲ್ಲ. ಆದರೆ ನನ್ನ ಯೋಚನೆ ಅದಾಗಿರಲಿಲ್ಲ. ಅಕ್ಕನದಾಗಿತ್ತು.

ಅಕ್ಕನಿಗೆ 82 ವರ್ಷ. ಲಕ್ವ ಹೊಡೆದು ಬಲಗೈ ಸ್ವಾಧೀನವಿಲ್ಲ. ಅವಳದು ಮಾಮೂಲಿ ಕಟ್ಟಿಸಿದ ಹಲ್ಲು. ರಾತ್ರಿ ಊಟವಾದ ಮೇಲೆ ಸೊಸೆ ಬಂದು, "ಅತ್ತೆ, ಆ ಅನ್ನಿ" ಎಂದು ಎರಡೂ ಸೆಟ್ ತೆಗೆದು, ಬ್ರಷ್ಷಿನಿಂದ ತಿಕ್ಕಿ, ಸ್ಟೀಲ್ ಬಟ್ಟಲಿನ ನೀರಿಗೆ ಹಾಕುತ್ತಾಳೆ. ಎರಡು ನಿಮಿಷದ ಕೆಲಸ. ಅವಳ ಬಾಯಿಯಲ್ಲಿ ಬಿಗಿದ ಸೆಟ್ ಇದ್ದಿದ್ದರೆ? ಅದರ ಅಡಿಗೆ ಸಣ್ಣ ಬ್ರಷ್ ತೂರಿಸಬೇಕು, ನೀರು ಚಿಮ್ಮಿಸುವ ಯಂತ್ರ ಹಿಡಿಯಬೇಕು. ಬಾಯಿ ತೆರೆದಿಡಲಾಗದ ಮುದುಕಿಗೆ ಅದನ್ನು ಮಾಡುವವರು ಯಾರು? ಸ್ಕ್ರೂ ಸುತ್ತ ಕೊಳೆ ಕಟ್ಟಿದರೆ ಒಸಡು ಬಾತು, ಕೀವಾಗಿ, ಕೊನೆಗೆ ಹಿಡಿದಿದ್ದ ಮೂಳೆಯೇ ಸವೆಯುತ್ತದೆ. ಹಲ್ಲು ಹುಳುಕಾಗುವುದಿಲ್ಲ ನಿಜ, ಒಸಡು ಮಾತ್ರ ನಮ್ಮದೇ ತಾನೆ.

ಬ್ಯಾಂಕಿನ ಲಾಕರಿಗೆ ಎರಡು ಕೀಲಿ. ಒಂದು ಗಿರಾಕಿಯದು, ಒಂದು ಬ್ಯಾಂಕಿನದು. ಲಾಕರಿನಲ್ಲಿ ಒಡವೆಯಿಟ್ಟ ಎಷ್ಟೋ ಅಜ್ಜಿಯರು ಮುಂದೆ ಮೆಟ್ಟಿಲು ಹತ್ತಲಾಗದೆ ಮಗಳನ್ನು ಕಳಿಸುತ್ತಿದ್ದುದನ್ನು ನೋಡಿದ್ದೇನೆ. ಇವತ್ತಿನ ಕೈಕಾಲು ನೋಡಿಕೊಂಡು ಲಾಕರ್ ತೆಗೆದಿರುತ್ತಾರೆ, ಬಳಸುವುದು ಹತ್ತು ವರ್ಷದ ನಂತರದ ಕೈಕಾಲಲ್ಲಿ. ಬಿಗಿದ ಸೆಟ್ಟಿನ ಕೀಲಿ ಡಾಕ್ಟರ ಹತ್ತಿರ ಮಾತ್ರ. ಪ್ರೆಸ್ ಬಟನ್ನಿನದು ನನ್ನ ಬೆರಳಲ್ಲಿ. ನನ್ನ ಬೆರಳು ನಡುಗತೊಡಗಿದರೆ ಮನೆಯಲ್ಲಿ ಯಾರ ಬೆರಳಿಗಾದರೂ ಅದನ್ನು ಕಲಿಸಬಹುದು.

"ಎರಡು ಸ್ಕ್ರೂ ಸಾಕು, ಕೆಳಗೆ ಮಾತ್ರ" ಎಂದೆ. ಡಾಕ್ಟರಮ್ಮನೂ ಒಪ್ಪಿದರು. 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಕನಿಷ್ಠ ಎರಡು ಇಂಪ್ಲಾಂಟಿನ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದಿದ್ದಾರೆಂದು ತಿಳಿಸಿದರು. ಮೇಲ್ದವಡೆಯ ಮೂಳೆ ಮೆತ್ತಗಿರುವುದರಿಂದ ಅಲ್ಲಿ ಎರಡು ಸಾಲುವುದಿಲ್ಲ. ಪುಣ್ಯಕ್ಕೆ ನನ್ನ ಮೇಲಿನ ಸೆಟ್ಟಿಗೆ ಯಾವ ಸಹಾಯವೂ ಬೇಕಿರಲಿಲ್ಲ.

ಸ್ಕ್ಯಾನ್ ಮಾಡಿ ಮೂಳೆಯ ದಪ್ಪ ನೋಡಿದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಬೀಡಿ ಸಿಗರೇಟು ಇದೆಯೇ, ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ವಿಚಾರಿಸಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸ್ಕ್ರೂ ಕೂರಿಸಿದ್ದು ಒಂದು ಬೆಳಗ್ಗೆ. ಮೂಳೆ ಹಿಡಿಯಲಿ ಎಂದು ಕಾದದ್ದು ಮೂರು ತಿಂಗಳು. ಆಗಿನ ಮೊದಲ ದಿನಗಳ ಗಂಜಿಯ ಬಗ್ಗೆ ಬರೆಯುವಂಥದ್ದೇನಿಲ್ಲ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು 58ರಲ್ಲಿ ಬಿಗಿಯುವುದನ್ನೇ ಹಾಕಿಸಿಕೊಂಡರು. ಗಟ್ಟಿ ಕೈ, ಗಟ್ಟಿ ಮೂಳೆ. ದಿನಕ್ಕೆರಡು ಸಲ ಕನ್ನಡಿಯ ಮುಂದೆ ಹತ್ತು ನಿಮಿಷ ನಿಲ್ಲುವ ಶಿಸ್ತಿನ ಮನುಷ್ಯ. ಅವರಿಗೆ ಅದೇ ಸರಿ. ನನ್ನದು ಅವರದರಷ್ಟು ಗಟ್ಟಿಯಲ್ಲ. ಕೋಡುಬಳೆಯನ್ನು ಈಗಲೂ ಕಾಫಿಗೆ ಅದ್ದಿಯೇ ತಿನ್ನುತ್ತೇನೆ. ಮಂಡಕ್ಕಿಗೆ ಅಡ್ಡಿಯಿಲ್ಲ. ಸಿಂಹ ಮತ್ತೆ ಸಿಂಹವಾಗಿದೆ, ರಾತ್ರಿಯ ಓದು ನನ್ನ ಕೈಗೆ ವಾಪಸು ಬಂದಿದೆ.

ಗುಳಿಯೊಳಗಿನ ನೈಲಾನ್ ಉಂಗುರ ಮಾತ್ರ ಸವೆಯುತ್ತದೆ, ಆಗಾಗ ಬದಲಿಸಬೇಕು. ಹಿಡಿತ ಎಷ್ಟು ಬಿಗಿ ಎಂಬುದಕ್ಕೆ ತಕ್ಕಂತೆ ಅವುಗಳ ಬಣ್ಣ ಬೇರೆ ಬೇರೆ. ಸೊಸೆಯೂ ಮೊಮ್ಮಗಳೂ ಸೆಟ್ ತೆಗೆದು ಹಾಕುವುದನ್ನು ಕಲಿತಿದ್ದಾರೆ. ಎರಡು ಹೆಬ್ಬೆರಳನ್ನು ಅಂಚಿಗೆ ಕೊಟ್ಟು ಒಟ್ಟಿಗೆ ಮೇಲೆತ್ತಬೇಕು. ಬರುವ ತಿಂಗಳು ಉಂಗುರ ಬದಲಿಸುವುದಿದೆ. ಗುಲಾಬಿ ಬಣ್ಣದ್ದೇ ಹಾಕಿಸು ಎಂದು ಮೊಮ್ಮಗಳ ಹಟ. ಅವಳ ಬೆರಳಿಗೆ ಸುಲಭವಾಗಿ ಬರುವಂಥದ್ದು ಯಾವ ಬಣ್ಣದಲ್ಲಿದೆಯೋ, ಡಾಕ್ಟರಮ್ಮನನ್ನು ಕೇಳಬೇಕು.